ಅಳೆದ ಕಾಯಿ ಬೇರೆ, ತಿನ್ನುವ ಕಾಯಿ ಬೇರೆ

ನವೆಂಬರ್ ಕೊನೆಯ ವಾರ ಟೋಕಿಯೋ ಪಕ್ಕದ ಉರಯಾಸುವಿನಲ್ಲಿ ನನ್ನ ಮಗಳ ಮನೆಯ ಅಂಚೆಪೆಟ್ಟಿಗೆಗೆ ಒಂದು ಕಾರ್ಡು ಬಂತು. ಬೂದುಬಣ್ಣದ ಅಂಚು, ಮೂಲೆಯಲ್ಲಿ ಸೇವಂತಿಗೆಯ ಮಸುಕಾದ ಚಿತ್ರ. ಮನೆಯಲ್ಲಿ ಸಾವಾದವರು ವರ್ಷ ಮುಗಿಯುವ ಮೊದಲು ಪರಿಚಿತರಿಗೆಲ್ಲ ಇಂಥ ಕಾರ್ಡು ಕಳಿಸುವುದು ಜಪಾನಿನ ಪದ್ಧತಿ. ನಾವು ಸೂತಕದಲ್ಲಿದ್ದೇವೆ, ಈ ಸಲ ಹೊಸ ವರ್ಷದ ಶುಭಾಶಯ ಹೇಳಲಾರೆವು, ಮನ್ನಿಸಿ ಎಂದು ಅದರಲ್ಲಿ ಅಚ್ಚಾಗಿರುತ್ತದೆ.

ಮಗಳು ಎರಡು ಸಲ ಓದಿದಳು. "ಅಮ್ಮ, ಕುಂಬಳಕಾಯಿ ಒಜೀಸಾನ್ ಹೋಗ್ಬಿಟ್ರಂತೆ. ಜೂನ್‌ನಲ್ಲೇ. ಅವರ ಮಗ ಒಸಾಕಾದಿಂದ ಕಳಿಸಿದಾನೆ."

ಒಜೀಸಾನ್ ಎಂದರೆ ಅಜ್ಜ. ಅವರ ಕುಂಬಳದ ಹೊಲಕ್ಕೆ ಬರುವವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ನನಗಿಂತ ಅವರು ಎರಡೇ ವರ್ಷಕ್ಕೆ ದೊಡ್ಡವರು, ಆದರೂ ನಾನೂ ಹಾಗೇ ಕರೆದೆ. ಅವರು ನನ್ನನ್ನು ಕಂಗೋಫು-ಸಾನ್ ಎನ್ನುತ್ತಿದ್ದರು, ಅಂದರೆ ನರ್ಸಮ್ಮ. ಮೈಸೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವಳೆಂದು ಮಗಳು ಮೊದಲ ದಿನವೇ ಅವರಿಗೆ ಹೇಳಿದ್ದಳು. ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಮೂರು ತಿಂಗಳ ವೀಸಾ ಹಿಡಿದು ನಾನು ಜಪಾನಿಗೆ ಬರುತ್ತೇನೆ. ಹೀಗೆ ಬಂದ ಮೂರು ಶರತ್ಕಾಲಗಳಲ್ಲಿ ಅವರನ್ನು ನೋಡಿದ್ದೇನೆ; ಈ ನಾಲ್ಕನೆಯ ಸಲ ಹೊಲಕ್ಕೆ ಇನ್ನೂ ಹೋಗಿರಲಿಲ್ಲ. ನನ್ನ ಪರಿಚಯ ಇಷ್ಟೇ.

ಕುಳ್ಳಗಿನ ಆಳು. ಬಿಸಿಲಿಗೆ ಕಂದಿದ ಮುಖ, ಕತ್ತಿಗೊಂದು ಬಿಳಿ ಟವೆಲು, ಮಣ್ಣು ಮೆತ್ತಿದರೂ ತೊಳೆದಂತೆ ಕಾಣುವ ರಬ್ಬರ್ ಬೂಟು. ಅವರ ಹೊಲದಲ್ಲಿ ಎಲ್ಲದಕ್ಕೂ ಒಂದು ಜಾಗವಿತ್ತು. ಗುದ್ದಲಿಗಳು ಉದ್ದದ ಪ್ರಕಾರ ಗೋಡೆಗೆ ನೇತಾಡುತ್ತಿದ್ದವು. ಪ್ರತಿ ಕಾಯಿಯ ಅಡಿಯಲ್ಲೂ ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ, ಮಣ್ಣು ತಾಗಿ ಕೊಳೆಯಬಾರದೆಂದು. ದಿನ ಬಿಟ್ಟು ದಿನ ಕಾಯಿಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿಡುತ್ತಿದ್ದರು. ಹಾಸಿಗೆ ಹಿಡಿದ ರೋಗಿಗಳನ್ನು ನಾವು ಹಾಗೆಯೇ ಮಗ್ಗುಲು ಬದಲಿಸುತ್ತಿದ್ದೆವು.

ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಕೈಗಂಟೆ ಬಾರಿಸಿ ಬೇಯಿಸಿದ ಕುಂಬಳಕಾಯಿ ಹಂಚುವುದು ಅವರ ಪದ್ಧತಿ. ಒಮ್ಮೆ ನಾವು ಎರಡು ನಿಮಿಷ ಮೊದಲೇ ಹೋದೆವು. ತಟ್ಟೆಗಳು ಸಿದ್ಧವಾಗಿದ್ದವು, ಗಂಟೆ ಅವರ ಕೈಯಲ್ಲಿತ್ತು, ಬಂದವರು ನಾವಷ್ಟೇ. ಅವರು ಬಾರಿಸಲಿಲ್ಲ. ತಮ್ಮ ಗಡಿಯಾರ ನೋಡಿದರು, ನಾನು ನನ್ನದನ್ನು ನೋಡಿದೆ.

"ಅತ್ತೆ, ನಿಮ್ಮ ಜೋಡಿ ಇಲ್ಲಿ ಸಿಕ್ಕಿಬಿಟ್ರು ನೋಡಿ," ಎಂದ ಅಳಿಯ.

ಅವನು ಏನಂದನೆಂದು ಒಜೀಸಾನ್ ವಿಚಾರಿಸಿದರು. ಮಗಳು ಹೇಳಿದಾಗ ತಲೆಯಾಡಿಸಿ, ಹತ್ತಾಗುತ್ತಲೇ ಬಾರಿಸಿದರು.

ಮೊದಲ ಸಲ ನಾವು ಹೋದದ್ದು ಎರಡು ಸಾವಿರದ ಹನ್ನೊಂದರ ದೊಡ್ಡ ಭೂಕಂಪವಾಗಿ ಮೂರು ವರ್ಷದ ಮೇಲೆ. ಉರಯಾಸುವಿನಿಂದ ಬಾಡಿಗೆ ಕಾರಿನಲ್ಲಿ ಒಂದೂವರೆ ತಾಸು. ಮಗಳ ಅಪಾರ್ಟ್‌ಮೆಂಟಿನ ತಾಯಂದಿರು ಭಾನುವಾರಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಅದು. ಮುಂಭಾಗದಲ್ಲಿ ದೊಡ್ಡ ದೊಡ್ಡ ಕಿತ್ತಳೆ ಬಣ್ಣದ ಕುಂಬಳಕಾಯಿಗಳು. ಮಕ್ಕಳು ಅವುಗಳ ಮೇಲೆ ಹತ್ತಿ ಕೂರುತ್ತಾರೆ, ತಾಯಂದಿರು ಫೋಟೋ ತೆಗೆಯುತ್ತಾರೆ. ಅವು ತಿನ್ನುವ ಜಾತಿಯಲ್ಲ. ಹಿಂದಿನ ಹೊಲದಲ್ಲಿ ಕಡುಹಸಿರು ಸಿಪ್ಪೆಯ ಚಿಕ್ಕ ಕಾಯಿಗಳು. ಅವು ತಿನ್ನುವಂಥವು. ಅಲ್ಲಿಗೆ ಹೋಗುವವರು ಕಡಿಮೆ.

"ತಿನ್ನದ ಕಾಯಿಗೆ ಯಾರೂ ಹೆದರಲ್ಲ," ಎಂದು ಅವರು ಕಿತ್ತಳೆ ಕಾಯಿಗಳ ಕಡೆ ಕೈ ತೋರಿಸಿದರಂತೆ. ಮಗಳು ಅದನ್ನು ನನಗೆ ಕನ್ನಡದಲ್ಲಿ ಹೇಳುವಾಗ ದನಿ ತಗ್ಗಿಸಿದಳು. ಕಾರಣ ಪಕ್ಕದ ಬೋರ್ಡಿನಲ್ಲಿತ್ತು. ಬೀಜ: ಫುಕುಶಿಮಾದ ನನ್ನ ಹಳ್ಳಿಯದು. ಮಣ್ಣು: ಇಲ್ಲಿಯದು. ಪರೀಕ್ಷೆಯ ಫಲ: ವಿಕಿರಣ ಪತ್ತೆಯಾಗಿಲ್ಲ.

ಅವರ ಹಳ್ಳಿ ಆ ಭೂಕಂಪ, ಸುನಾಮಿಯಲ್ಲಿ ಸಿಡಿದ ಅಣುಸ್ಥಾವರದಿಂದ ದೂರದ ಬೆಟ್ಟದಲ್ಲಿತ್ತು. ಸುನಾಮಿ ಅಲ್ಲಿಗೆ ಮುಟ್ಟಲಿಲ್ಲ. ಆದರೆ ಗಾಳಿ ಮುಟ್ಟಿತು. ಹಸಿರುಮನೆಯಲ್ಲಿ ಕೊಯ್ಲಿಗೆ ಬಂದಿದ್ದ ಪಾಲಕ್ ಸೊಪ್ಪನ್ನು ಅವರೇ ಕಿತ್ತು, ಗುಡ್ಡೆ ಹಾಕಿ ಕೊಳೆಸಬೇಕಾಯಿತು. ಆಮೇಲೆ ಊರೇ ಖಾಲಿಯಾಯಿತು. ಅವರ ಹೊಲದ ಮೇಲ್ಮಣ್ಣನ್ನು ಕೆರೆದು ಕಪ್ಪು ಚೀಲಗಳಲ್ಲಿ ತುಂಬಿ, ಅದೇ ಹೊಲದಲ್ಲಿ ಒಟ್ಟಿದರು. ಹಿಂದಿನ ವರ್ಷ ಡಬ್ಬಿಯಲ್ಲಿ ಕೂಡಿಟ್ಟಿದ್ದ ಕುಂಬಳದ ಬೀಜಗಳನ್ನಷ್ಟೇ ತಂದು ಇಲ್ಲಿ ಗುತ್ತಿಗೆ ನೆಲ ಹಿಡಿದರು. ಫುಕುಶಿಮಾದ ಹೆಸರು ಎತ್ತಬೇಡಿ, ಕಾಯಿ ಬೆಳೆದದ್ದು ಇಲ್ಲೇ ತಾನೇ ಎಂದು ನೆಲದ ಒಡೆಯರು ಎಷ್ಟೋ ಹೇಳಿದರಂತೆ. ಒಜೀಸಾನ್ ಬೋರ್ಡು ಬದಲಿಸಲಿಲ್ಲ.

"ಕೇಳಿದ ಮೇಲೆ ಹೇಳೋದು ಸುಳ್ಳು ಹೇಳಿದ ಹಾಗೇ," ಎನ್ನುತ್ತಿದ್ದರು.

ಅವರ ಅಳತೆಯ ಕ್ರಮ ನನಗೆ ಬಹಳ ಹಿಡಿಸಿತು. ಕಾಯಿ ಎಳೆಯದಾಗಿರುವಾಗಲೇ ಮೊಳೆಯ ತುದಿಯಿಂದ ಅದರ ಸಿಪ್ಪೆಯ ಮೇಲೆ ಸಾಲಿನ ಸಂಖ್ಯೆ ಗೀರುತ್ತಿದ್ದರು. ಕಾಯಿ ಬೆಳೆದಂತೆ ಗೀರೂ ಬೆಳೆದು, ಒಣಗಿದ ಗಾಯದ ಕಲೆಯ ಹಾಗೆ ಉಬ್ಬಿ ನಿಲ್ಲುತ್ತಿತ್ತು. ಒಂದು ಸಾಲಿನ ಕಾಯಿಯನ್ನು ಇನ್ನೊಂದರದ್ದೆಂದು ಹೇಳುವಂತಿಲ್ಲ. ಪ್ರತಿ ಸಾಲಿನಿಂದ ಒಂದನ್ನು ಆರಿಸಿ ಪರೀಕ್ಷಾ ಕೇಂದ್ರಕ್ಕೆ ಒಯ್ಯುತ್ತಿದ್ದರು. ಅಲ್ಲಿ ಅದನ್ನು ಕೊಚ್ಚಿ, ಡಬ್ಬಿಯಲ್ಲಿ ಒತ್ತಿ ತುಂಬಿ ವಿಕಿರಣ ಅಳೆಯುವ ಯಂತ್ರದೊಳಗೆ ಇಡುತ್ತಾರೆ. ಕೊಂಡವರ ಹೆಸರು, ವಿಳಾಸ, ಸಾಲಿನ ಸಂಖ್ಯೆ ಒಂದು ಪುಸ್ತಕದಲ್ಲಿ. ಮುಂದೆಂದಾದರೂ ಆ ಸಾಲಿನಲ್ಲಿ ದೋಷ ಕಂಡರೆ ತಿಳಿಸಬೇಕಲ್ಲ. ಸಾವಿನ ಕಾರ್ಡು ನಮಗೆ ಬಂದದ್ದೂ ಆ ಪುಸ್ತಕದಿಂದಲೇ ಇರಬೇಕು.

"ಒಂದು ತೊಂದರೆ ಇದೆ, ಕಂಗೋಫು-ಸಾನ್," ಎಂದರು ಅವರು. "ಅಳೆದ ಕಾಯಿ ತಿನ್ನೋಕಾಗಲ್ಲ. ತಿನ್ನೋ ಕಾಯಿ ಅಳೆಯೋಕಾಗಲ್ಲ."

ಥಿಯೇಟರಿನಲ್ಲೂ ಹಾಗೆಯೇ ಎಂದೆ. ಬಟ್ಟೆಯನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವಿನ ಡ್ರಮ್ಮಿನಲ್ಲಿ ಒಂದು ಪರೀಕ್ಷೆಯ ಪಟ್ಟಿ ಇಡುತ್ತೇವೆ. ಅದರ ಬಣ್ಣ ಸರಿಯಾಗಿ ಬದಲಾದರೆ ಡ್ರಮ್ಮಿನಲ್ಲಿದ್ದ ಅಷ್ಟೂ ಬಟ್ಟೆಯನ್ನು ನಂಬುತ್ತೇವೆ. ನಂಬದಿದ್ದರೆ ಒಂದು ಹೊಟ್ಟೆಯನ್ನೂ ತೆರೆಯುವಂತಿಲ್ಲ. ಮಗಳು ಇದನ್ನು ಜಪಾನಿ ಭಾಷೆಗೆ ತಿರುಗಿಸಲು ಒದ್ದಾಡಿದಳು. ಅವರು ಪೂರ್ತಿ ಕೇಳಿ, ಟವೆಲು ತೆಗೆದು ಮುಖ ಒರೆಸಿಕೊಂಡು, ನನಗೆ ಬಾಗಿ ವಂದಿಸಿದರು. ಅಷ್ಟು ದೊಡ್ಡ ವಂದನೆಗೆ ನಾನು ಅರ್ಹಳಾಗಿರಲಿಲ್ಲವೆಂದು ಅರ್ಧ ಗಂಟೆಯಲ್ಲೇ ಗೊತ್ತಾಯಿತು.

ಗಂಟೆ ಬಾರಿಸಿದರು. ಕಾಗದದ ತಟ್ಟೆಗಳಲ್ಲಿ ಸೋಯಾ ಸಾಸು, ಚಿಟಿಕೆ ಸಕ್ಕರೆ ಹಾಕಿ ಬೇಯಿಸಿದ ಹೋಳುಗಳು ಬಂದವು. ಬೇಯುವಾಗ ಚೂರಾಗದಿರಲೆಂದು ಪ್ರತಿ ಹೋಳಿನ ಅಂಚನ್ನೂ ಚಾಕುವಿನಿಂದ ಸವರಿದ್ದರು. ಕೊಡುವಾಗ ಮಕ್ಕಳ ಮುಂದೆ ಮಂಡಿಯೂರಿ ಕೊಡುತ್ತಿದ್ದರು, ಕೊಟ್ಟ ಮೇಲೂ ಅಲ್ಲೇ ಇರುತ್ತಿದ್ದರು. ಒಂದು ಮಗು ಅಗಿದು ನುಂಗುವುದನ್ನು ಅವರು ನೋಡಬೇಕಿತ್ತು, ಅಷ್ಟೇ. ತಾಯಂದಿರು ನಯವಾಗಿ "ಅರಿಗಾತೋ" ಎಂದು ಧನ್ಯವಾದ ಹೇಳಿ ತಟ್ಟೆ ತಾವು ತೆಗೆದುಕೊಳ್ಳುತ್ತಿದ್ದರು. ಈಗ ತಾನೇ ತಿಂಡಿ ಆಯಿತು, ಆಮೇಲೆ ಕೊಡುತ್ತೇವೆ ಎನ್ನುತ್ತಿದ್ದರು. ಹೋಳುಗಳು ಟಿಶ್ಯೂ ಕಾಗದದೊಳಗೆ ಹೋಗುತ್ತಿದ್ದವು. ಕಾಗದದ ಉಂಡೆ ಪಾರ್ಕಿಂಗಿನ ಕಸದ ಡಬ್ಬಿಗೆ ಹೋಗುತ್ತಿತ್ತು.

ನನ್ನ ಮೊಮ್ಮಗಳಿಗೆ ಆಗ ಮೂರು ವರ್ಷ. ನನ್ನ ಪಾಲಿನ ಎರಡು ಹೋಳು ನಾನು ತಿಂದೆ. ಅವಳದ್ದನ್ನು ಟಿಶ್ಯೂನಲ್ಲಿ ಸುತ್ತಿದೆ. ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಲಿಲ್ಲ. ಡಬ್ಬಿಯ ಮುಚ್ಚಳ ಎತ್ತಿದಾಗ ಒಳಗೆ ಅಂಥ ಬಿಳಿ ಉಂಡೆಗಳೇ ತುಂಬಿದ್ದವು. ಆ ಡಬ್ಬಿಯನ್ನು ದಿನವೂ ಖಾಲಿ ಮಾಡುತ್ತಿದ್ದವರು ಅವರೇ.

ಒಸಾಕಾದಲ್ಲಿದ್ದ ಮಗ-ಸೊಸೆಯ ವಿಷಯ ಅವರು ಹೇಳಿದ್ದು ಮರುವರ್ಷ. ಅಣುಸ್ಥಾವರ ಸಿಡಿದ ವಾರದಲ್ಲೇ ಆ ಇಬ್ಬರೂ ಕೂಸನ್ನೆತ್ತಿಕೊಂಡು ಪಶ್ಚಿಮಕ್ಕೆ ಹೋಗಿದ್ದರು. ಡಿಸೆಂಬರಿನಲ್ಲಿ, ವರ್ಷದ ಅತಿ ಚಿಕ್ಕ ಹಗಲಿನಂದು, ಜಪಾನಿನವರು ಕುಂಬಳಕಾಯಿ ತಿನ್ನುತ್ತಾರೆ. ತಿಂದರೆ ಚಳಿಗಾಲವಿಡೀ ರೋಗ ಬರುವುದಿಲ್ಲವೆಂಬ ನಂಬಿಕೆ. ಆ ದಿನಕ್ಕೆ ತಲುಪುವಂತೆ ಒಜೀಸಾನ್ ಪ್ರತಿ ವರ್ಷ ಮೊಮ್ಮಗನಿಗೆ ಒಂದು ಪೆಟ್ಟಿಗೆ ಕಾಯಿ ಕಳಿಸುತ್ತಿದ್ದರು. ಮಗ ಫೋನು ಮಾಡಿ, "ತುಂಬಾ ರುಚಿಯಾಗಿತ್ತಪ್ಪ, ಎಲ್ಲಾ ಖಾಲಿ," ಎನ್ನುತ್ತಿದ್ದ. ಒಂದು ವರ್ಷ ಕಾಯಿಗಳ ಅಡಿಯಲ್ಲಿ, ಪೆಟ್ಟಿಗೆಯ ತಳಕ್ಕೆ, ತಾವೇ ಕೆತ್ತಿದ ಮರದ ಬುಗುರಿಯೊಂದನ್ನು ಇಟ್ಟಿದ್ದರು. ಮಗ ಎಂದಿನಂತೆ ಫೋನು ಮಾಡಿದ. ರುಚಿಯಾಗಿತ್ತು, ಎಲ್ಲಾ ಖಾಲಿ. ಬುಗುರಿಯ ಮಾತೇ ಇಲ್ಲ.

"ಅವರು ಕೇಳ್ಲಿಲ್ವಂತಾ, ಬುಗುರಿ ಸಿಕ್ತಾ ಅಂತ?" ಎಂದೆ.

ಮಗಳು ಕೇಳಿದಳು. ಅವರು ನಕ್ಕರು. "ಕೇಳಿದ್ರೆ ಅವನು ಇನ್ನೊಂದು ಸುಳ್ಳು ಹೇಳ್ಬೇಕಾಗತ್ತೆ."

ಪೆಟ್ಟಿಗೆ ಕಳಿಸುವುದನ್ನು ಅವರು ನಿಲ್ಲಿಸಲಿಲ್ಲ.

ಆ ಎರಡನೆಯ ವರ್ಷವೇ ನಾನು ಆ ತಪ್ಪು ಮಾಡಿದ್ದು. ಅಳಿಯ ಆ ವಾರ ಹೊಸ ಕಾರು ತಂದಿದ್ದ. ನಾವು ಹೊಲಕ್ಕೆ ಹೋಗಲು ಗೊತ್ತುಮಾಡಿದ ದಿನವೇ ಆಯುಧಪೂಜೆ. ಮನೆಯಲ್ಲಿ ಕಾರಿಗೆ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟೆ, ಚಕ್ರಕ್ಕೆ ನಿಂಬೆಹಣ್ಣೂ ಆಯಿತು. ಬೂದುಗುಂಬಳ ಸಿಕ್ಕಿರಲಿಲ್ಲ. ಎಡೋಗಾವಾದ ಭಾರತೀಯ ಅಂಗಡಿಗಳಲ್ಲೂ ಇರಲಿಲ್ಲ. ಕುಂಬಳಕಾಯಿ ಒಡೆಯದೆ ಹೊಸ ಗಾಡಿ ಓಡಿಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಹೇಗೂ ಹೊಲಕ್ಕೆ ಹೋಗುತ್ತೇವಲ್ಲ, ಅಲ್ಲೇ ಒಂದು ಕೊಂಡು ಒಡೆದರಾಯಿತು ಎಂದು ತೀರ್ಮಾನಿಸಿದೆ. ಕುಂಕುಮದ ಪೊಟ್ಟಣ ಚೀಲಕ್ಕೆ ಹಾಕಿಕೊಂಡೆ.

"ಅತ್ತೆ, ಪಾರ್ಕಿಂಗ್‌ನಲ್ಲಿ ಇದೆಲ್ಲಾ ಬೇಡ. ಇಲ್ಲಿ ಜನ ಒಂಥರಾ ನೋಡ್ತಾರೆ."

"ಎರಡು ನಿಮಿಷದ ಕೆಲಸ. ಒಡಿ, ಗುಡಿಸಿ ಬಿಡೋಣ. ಗಂಡಸು ನೀನಿರುವಾಗ ನಾನು ಒಡೆಯೋ ಹಾಗಿಲ್ಲ."

"ಅಮ್ಮ ಒಂದ್ಸಲ ಟೈಮ್‌ಟೇಬಲ್ ಹಾಕಿದ್ರೆ ಮುಗೀತು. ಒಡೆದುಬಿಡಿ," ಎಂದಳು ಮಗಳು.

ಕಿತ್ತಳೆ ಕಾಯಿಗಳು ಒಂದೊಂದೂ ಮಗುವಿನಷ್ಟು ತೂಕ. ಎತ್ತುವಂತಿರಲಿಲ್ಲ. ಹಿಂದಿನ ಹೊಲದ ಹಸಿರು ಕಾಯಿಯೊಂದನ್ನು ಕೊಂಡೆ. ಅವರು ಪುಸ್ತಕದಲ್ಲಿ ಬರೆದುಕೊಂಡರು: ಹನ್ನೊಂದನೆಯ ಸಾಲು. ಹೇಗೆ ಬೇಯಿಸುತ್ತೀರಿ ಎಂದು ಕೇಳಿದರು. ಮಗಳು ಮುಜುಗರದಿಂದ ಏನೋ ಹೇಳಿದಳು. ಅವರಿಗೆ ಸಂತೋಷವಾಯಿತು. ನಾವು ಹಿಂದಿನ ವರ್ಷ ಕೊಂಡಿರಲಿಲ್ಲ.

ಕಾರಿನ ಮುಂದೆ ಕಾಯಿಗೆ ಚಾಕುವಿನಿಂದ ತೂತು ಮಾಡಿ ಕುಂಕುಮ ತುಂಬಿದೆ. ಅಳಿಯ ಮೂರು ಸಲ ನಿವಾಳಿಸಿ, ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಟಾರಿನ ಮೇಲೆ ಅಪ್ಪಳಿಸಿದ. ನಮ್ಮ ಬೂದುಗುಂಬಳದಂತೆ ಸಲೀಸಾಗಿ ಒಡೆಯುವ ಜಾತಿಯಲ್ಲ ಅದು. ಎರಡನೆಯ ಸಲ ಎತ್ತಿ ಹಾಕಬೇಕಾಯಿತು. ಆಗ ಸಿಡಿಯಿತು. ಹಳದಿ ತಿರುಳು, ಕೆಂಪು ನೀರು, ಬೀಜಗಳು ಗೇಟಿನವರೆಗೆ ಚೆಲ್ಲಿದವು. ತಲೆಯೆತ್ತಿದರೆ ಅವರು ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ನಮಗೆಂದು ತಂದ ಒಂದು ಡಬ್ಬಿ. ಸವರಿದ ಅಂಚಿನ ಹೋಳುಗಳು ಅದರಲ್ಲಿದ್ದವೆಂದು ಆಮೇಲೆ ತಿಳಿಯಿತು.

ಅವರು ಕೂಗಾಡಲಿಲ್ಲ. ಡಬ್ಬಿ ಕೆಳಗಿಟ್ಟು, ಸೊಂಟ ಬಗ್ಗಿಸಿ, "ಸುಮಿಮಾಸೆನ್" ಎಂದರು. ತಪ್ಪಾಯಿತು, ಮನ್ನಿಸಿ ಎಂದು. ನನ್ನ ಕಾಯಿ ನಿಮಗೆ ಭಯ ಹುಟ್ಟಿಸಿತು ಎಂದು. ಅವರು ನಮ್ಮ ಕ್ಷಮೆ ಕೇಳುತ್ತಿದ್ದರು.

"ಅಯ್ಯೋ ಹೇಳೇ, ಬೇಗ ಹೇಳು!" ಎಂದೆ ಮಗಳಿಗೆ.

ಹಬ್ಬ, ಹೊಸ ಕಾರು, ದೃಷ್ಟಿ, ದೇವರು ಎಂದು ತಡವರಿಸಿದಳು. ಅವರು ಅಷ್ಟೂ ಕೇಳಿದರು. ಬಳಿಕ ಒಂದೇ ಪ್ರಶ್ನೆ: "ಒಡೆದ ಮೇಲೆ ಅದನ್ನು ಯಾರು ತಿಂತಾರೆ?"

"ಯಾರೂ ತಿನ್ನಲ್ಲ. ರಸ್ತೇಲೇ ಬಿಡ್ತೀವಿ," ಎಂದೆ.

"ಹಾಗಾ," ಎಂದರು. "ನನಗೂ ಗೊತ್ತಿರೋ ಪದ್ಧತಿಯೇ."

ಬಕೆಟ್ಟು ತಂದು, ಮಂಡಿಯೂರಿ, ಕುಂಕುಮದ ನೀರಿನಿಂದ ಬೀಜಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ಅವು ಅವರ ಹಳ್ಳಿಯ ಬೀಜ. ನಾನೂ ಪಕ್ಕದಲ್ಲಿ ಮಂಡಿಯೂರಿದೆ. ಅವರು ಬೇಡವೆನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಥಿಯೇಟರಿನಲ್ಲಿ, ಹೊಟ್ಟೆಗೆ ಹೊಲಿಗೆ ಹಾಕುವ ಮುಂಚೆ, ರಕ್ತ ಒರೆಸಿದ ಬಟ್ಟೆಯ ತುಂಡುಗಳ ಲೆಕ್ಕ ತಪ್ಪಿದಾಗ ಹೀಗೇ ನೆಲದ ಮೇಲೆ ಹುಡುಕುತ್ತಿದ್ದೆ. ಕಾರಿನ ಚಕ್ರದಡಿ ಸಿಕ್ಕಿದ್ದ ಕೊನೆಯ ಬೀಜವನ್ನು ಅಳಿಯ ಗಾಡಿ ಹಿಂದೆ ತೆಗೆದು ಕೊಟ್ಟ. ಅದು ಒಡೆದಿತ್ತು. ಅದನ್ನೂ ಬಕೆಟ್ಟಿಗೆ ಹಾಕಿದರು.

ಆ ವರ್ಷ ಮೈಸೂರಿಗೆ ಮರಳಿದ ಮೇಲೂ ನನಗೆ ಸಮಾಧಾನವಿರಲಿಲ್ಲ. ಕ್ಷಮೆ ಕೇಳಿ ಮಗಳ ಕೈಲಿ ಕಾಗದ ಬರೆಸಿದೆ. ಚೌಕಾಕಾರದ ಅಕ್ಷರಗಳಲ್ಲಿ ಒಂದೇ ಸಾಲಿನ ಉತ್ತರ ಬಂತು: ಬೀಜಗಳನ್ನು ತೊಳೆದು ಒಣಗಿಸಿದ್ದೇನೆ, ಚಿಂತೆ ಬೇಡ. ಅವರಿಗೆ ನಾನು ಕೊಡಬಹುದಾದದ್ದು ಒಂದೇ ಎಂದು ನಿಶ್ಚಯಿಸಿದೆ. ಮುಂದಿನ ಶರತ್ಕಾಲದಲ್ಲಿ ನನ್ನ ಮೊಮ್ಮಗಳು ಅವರ ಕಣ್ಣೆದುರು ಆ ಕಾಯಿ ತಿನ್ನಬೇಕು.

ಮೂರನೆಯ ವರ್ಷ ಬಂದಿಳಿದ ವಾರವೇ ಮಗಳಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ನೀವು ತಿನ್ನಿ ಅಮ್ಮ, ನಾನೂ ತಿಂತೀನಿ. ಅವಳ್ಯಾಕೆ?"

"ನೀನೇ ರಿಪೋರ್ಟ್ ಓದಿ ಹೇಳಿದ್ದಲ್ಲ, ಏನೂ ಇಲ್ಲ ಅಂತ?"

"ಓದಿದೀನಿ. ಅದು ಬೇರೆ ಕಾಯಿ ರಿಪೋರ್ಟು."

"ಅದೇ ಸಾಲಿಂದು."

"ನಿಮಗೆ ಅಷ್ಟು ನಂಬಿಕೆ ಇದ್ದಿದ್ರೆ ಮೊದಲ ವರ್ಷ ಟಿಶ್ಯೂನಲ್ಲಿ ಯಾಕೆ ಸುತ್ತಿದ್ರಿ?"

ನಾನು ಗದರಿದೆ. ಕೊನೆಗೆ ಅವಳು, "ಒಂದೇ ಪೀಸ್," ಎಂದಳು.

ನಾವು ಹೊಲಕ್ಕೆ ಹೋದ ದಿನ ಜನ ಕಡಿಮೆ. ಮೋಡ ಕವಿದಿತ್ತು. ಒಜೀಸಾನ್ ಇಳಿದುಹೋಗಿದ್ದರು, ಬೂಟಿನೊಳಗೆ ಕಾಲು ಸಡಿಲವಾಗಿ ಆಡುತ್ತಿತ್ತು. ಯಾವ ಕಾಯಿಲೆ ಎಂದು ಕೇಳಲಿಲ್ಲ, ಕೇಳದೆಯೂ ನನಗೆ ಅಂದಾಜಾಯಿತು. ಗಂಟೆಯನ್ನು ಹತ್ತಕ್ಕೇ ಬಾರಿಸಿದರು. ನಾನು ಮೊಮ್ಮಗಳ ಕೈ ಹಿಡಿದು ಮುಂದೆ ಹೋಗಿ ನಿಂತೆ.

"ಅಜ್ಜಿ, ಇದು ಸ್ವೀಟಾ?"

"ಸ್ವೀಟೇ. ತಿನ್ನು ಪುಟ್ಟಿ."

ಅವರು ಮಂಡಿಯೂರಿ ತಟ್ಟೆ ಹಿಡಿದರು. ಅವಳು ಹಲ್ಲುಕಡ್ಡಿಯಿಂದ ಒಂದು ಹೋಳು ಚುಚ್ಚಿ ಎತ್ತಿ, ಬಾಯಿ ತೆರೆದಳು. ಇಷ್ಟು ವರ್ಷ ಅವರು ಕಾದದ್ದು ಇದನ್ನೇ. ಆದರೆ ಅವರು ಅವಳ ಬಾಯಿಯ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ಒಂದು ಗಳಿಗೆ, ಅಷ್ಟೇ. ಬಳಿಕ ಮೆಲ್ಲಗೆ ಅವಳ ಕೈಯಿಂದ ಹಲ್ಲುಕಡ್ಡಿ ತೆಗೆದುಕೊಂಡು, ಆ ಹೋಳನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಜಪಾನಿಯಲ್ಲಿ ನನಗೆ ಏನೋ ಹೇಳಿ, ಮೊಮ್ಮಗಳನ್ನು ಕಿತ್ತಳೆ ಕಾಯಿಗಳ ಕಡೆಗೆ ಕರೆದೊಯ್ದರು. ಅತಿ ದೊಡ್ಡ ಕಾಯಿಯ ಮೇಲೆ ಕೂರಿಸಿದರು. ಅವಳು ಕೇಕೆ ಹಾಕಿ ನಕ್ಕಳು. ಮಗಳು ಫೋಟೋ ತೆಗೆದಳು.

ಏನು ಹೇಳಿದರೆಂದು ಮಗಳು ಅಲ್ಲಿ ಹೇಳಲಿಲ್ಲ. ಕಾರಿನಲ್ಲಿ, ಮೊಮ್ಮಗಳು ನಿದ್ದೆ ಹೋದ ಮೇಲೆ, ನಾನು ಮೂರನೆಯ ಸಲ ಕೇಳಿದಾಗ ಹೇಳಿದಳು.

"ಬಾಯಿ ತೆರೆದಿದ್ದು ಮಗು, ಉಸಿರು ಬಿಗಿ ಹಿಡಿದಿದ್ದು ನೀವು ಅಂದ್ರು. ನನಗೋಸ್ಕರ ಬೇಡ ಅಂದ್ರು."

ಹಾಗೇನಿಲ್ಲ, ಅವರಿಗೆ ಹಾಗೆ ಅನ್ನಿಸಿರಬೇಕು ಎಂದೆ. ಅಳಿಯ ಕನ್ನಡಿಯಲ್ಲಿ ನನ್ನನ್ನು ನೋಡಿ ರಸ್ತೆಯ ಕಡೆ ತಿರುಗಿದ. ಅವರು ಆ ಹಲ್ಲುಕಡ್ಡಿಯನ್ನು ತೆಗೆದುಕೊಂಡ ಗಳಿಗೆಯಲ್ಲಿ ನನಗಾದದ್ದು ನಿರಾಳ. ಮೂವತ್ತಾರು ವರ್ಷ ಪರೀಕ್ಷೆಯ ಪಟ್ಟಿಯನ್ನು ನಂಬಿದವಳು ನಾನು. ಆ ನಿರಾಳ ನನ್ನ ಮುಖದ ಮೇಲೆ ಕಂಡಿತು, ಅವರು ನೋಡಿದರು. ನೋಡಿದ ಮೇಲೂ ಹೋಳನ್ನು ಅಗಿಯುತ್ತಲೇ ಇದ್ದರು, ನಿಧಾನವಾಗಿ, ಪೂರ್ತಿ ನುಂಗುವವರೆಗೆ.